ಸ್ಕಾಟ್ಲೆಂಡಿಗೆ ಹೋದ ಕಟ್ಟಿಯವರ ಡ್ರಾಫ್ಟು

“ಏಜೆಂಟ? ನಮ್ಮ ಮನಿಗೆ ಏಜೆಂಟ? ಯಾಕ, ನಾ ಸತ್ತೀನೇನು?”

ಅವಲಕ್ಕಿಯ ತಾಟನ್ನು ಟೇಬಲ್ಲಿನ ಮೇಲೆ ಕುಕ್ಕಿ ಪಂಢರಿನಾಥ ಕಟ್ಟಿ ಹೀಗೆ ಗುಡುಗಿದಾಗ ಒಗ್ಗರಣೆಯ ಶೇಂಗಾ ಒಂದೆರಡು ಹಾರಿ ಮಗಳು ಮಾನಸಿಯ ಮೊಬೈಲಿನ ಮೇಲೆ ಬಿದ್ದವು. ಅವಳು ಅವನ್ನು ಆರಿಸಿ ಬಾಯಿಗೆ ಹಾಕಿಕೊಂಡು, “ಸತ್ತಿಲ್ಲಪಾ. ಆದ್ರ ಎಲ್ಲಾರೂ ಏಜೆಂಟರ ಕಡೆನೇ ಹೋಗ್ತಾರ. ಪರದೇಶದ ಯೂನಿವರ್ಸಿಟಿಗೆ ಅರ್ಜಿ ಹಾಕೂದಂದ್ರ ನಿನ್ನ ಆಫೀಸಿನ್ಯಾಗ ರಜಾ ಕೇಳಿದಂಗಲ್ಲ” ಎಂದಳು.

ಮಾತು ಮರ್ಮಕ್ಕೇ ನಾಟಿತು. ಪಂಢರಿನಾಥ ಧಾರವಾಡದ ಒಂದು ಸರಕಾರಿ ಕಚೇರಿಯಲ್ಲಿ ಸೂಪರಿಂಟೆಂಡೆಂಟ್. ಹುಬ್ಬಳ್ಳಿಯ ದೇಶಪಾಂಡೆ ನಗರದ ಮನೆಯಿಂದ ದಿನಾ ಬಸ್ಸು ಹಿಡಿದು ಹೋಗಿ, ಕಚೇರಿಯ ಪತ್ರಗಳ ಕರಡು ಬರೆದು ಬರುವುದೇ ಅವನ ಬದುಕಿನ ಸಾಧನೆ. ಅವನ ಕರಡಿಗೆ, ಕಚೇರಿಯ ಭಾಷೆಯಲ್ಲಿ ‘ಡ್ರಾಫ್ಟಿ’ಗೆ, ಮೇಲಧಿಕಾರಿಗಳು ಓದದೆಯೇ ಸಹಿ ಹಾಕುತ್ತಿದ್ದರು. ಓದಿದರೂ ಅರ್ಥವಾಗುವುದಿಲ್ಲ ಎಂಬುದು ಅದಕ್ಕೊಂದು ಕಾರಣವಿದ್ದೀತು. ಆದರೆ ಆ ಸಂಗತಿಯನ್ನು ಅವನಿಗೆ ತಿಳಿಸುವ ಧೈರ್ಯ ಯಾರೂ ಮಾಡಿರಲಿಲ್ಲ.

ಪರದೇಶಕ್ಕೆ ಹೊರಟವಳು ಮಾನಸಿಯಲ್ಲ. ಅವಳ ತಾಯಿ, ಪಂಢರಿನಾಥನ ಧರ್ಮಪತ್ನಿ ರಜನಿ! ಹುಬ್ಬಳ್ಳಿಯ ಒಂದು ಸಾಲೆಯಲ್ಲಿ ಕಿವಿ ಕೇಳದ ಮಕ್ಕಳಿಗೆ ಅವಳು ಟೀಚರು. ಮಾತೇ ಕೇಳಿಸದ ಮಗುವಿಗೆ ಮಾತು ಕಲಿಸುವುದು ಹೇಗೆ ಎಂಬ ವಿದ್ಯೆಯನ್ನು ಇನ್ನೂ ಆಳವಾಗಿ ಕಲಿಯಬೇಕೆಂಬ ಆಸೆ ಅವಳಿಗೆ ಮದುವೆಗೆ ಮುಂಚಿನಿಂದಲೂ ಇತ್ತು. ಮದುವೆಯಾಯಿತು, ಮಾನಸಿ ಹುಟ್ಟಿದಳು, ಅತ್ತೆ ಹಾಸಿಗೆ ಹಿಡಿದರು, ಮಾನಸಿಯ ಪರೀಕ್ಷೆಗಳು ಬಂದವು. ಆಸೆ ಮಾತ್ರ ಹಿತ್ತಲಿನ ದೊಡ್ಡಪತ್ರೆಯ ಹಾಗೆ, ಯಾರೂ ನೀರು ಹಾಕದಿದ್ದರೂ ಬದುಕಿಯೇ ಇತ್ತು. ಈಗ ಸ್ಕಾಟ್ಲೆಂಡಿನ ಒಂದು ವಿಶ್ವವಿದ್ಯಾಲಯದಲ್ಲಿ ಅದೇ ವಿಷಯದ ಒಂದು ವರ್ಷದ ಎಂ.ಎ. ಕೋರ್ಸಿದೆ ಎಂದೂ, ಹೊರದೇಶದ ಅನುಭವಿ ಶಿಕ್ಷಕರೊಬ್ಬರಿಗೆ ಫೀ ಇಲ್ಲದ ಒಂದೇ ಒಂದು ಸೀಟು ಇಟ್ಟಿದ್ದಾರೆ ಎಂದೂ ಅವಳಿಗೆ ತಿಳಿದಿತ್ತು. ಸಾಲೆಯವರು ರಜೆ ಕೊಡಲು ಒಪ್ಪಿದ್ದರು.

“ನೋಡು ರಜನಿ,” ಎಂದ ಪಂಢರಿನಾಥ, ಎದ್ದು ನಿಂತು, ಒಂದು ಕೈ ಸೊಂಟದ ಮೇಲಿಟ್ಟು. “ನೀ ಇಂಗ್ಲಿಷ್ ಪರೀಕ್ಷಾ ಪಾಸ್ ಮಾಡು. ನಿನ್ನ ಕೋರ್ಸಿನ ಬಗ್ಗೆ ಏನು ಬರೀಬೇಕದ ಅದನ್ನ ಬರಿ. ಉಳಿದ ಕಾಗದಪತ್ರ ಪೂರಾ ನಂದು. ಅರ್ಜಿ ಅಂದ್ರ ಏನಂತ ಸ್ಕಾಟ್ಲೆಂಡಿನವರಿಗೆ ತೋರಿಸಿಬಿಡ್ತೇನಿ!”

“ನೋಡ್ರೀ, ಒಂದೇ ಸೀಟದ,” ಎಂದಳು ರಜನಿ ಮೆಲ್ಲಗೆ.

“ಒಂದೇ ಸಾಕಲ್ಲ! ನಾವೇನು ಬಸ್ ಮಾಡಿಕೊಂಡು ಹೊಂಟೇವೇನು?”

ಅವಳು ನಕ್ಕಳು. ಆ ನಗೆಯನ್ನು ಪಂಢರಿನಾಥ ಮುಂದೆ ಬಹಳ ದಿನ ನೆನೆಸಿಕೊಳ್ಳಬೇಕಾಯಿತು.

ಮೊದಲು ಎಡವಿದ್ದು ಹೆಸರಿನಲ್ಲಿ. ರಜನಿಯ ಡಿಗ್ರಿ ಸರ್ಟಿಫಿಕೇಟುಗಳೆಲ್ಲ ತವರಿನ ಹೆಸರಿನಲ್ಲಿದ್ದವು: ರಜನಿ ಬಿಂದುಮಾಧವ ಹುಯಿಲಗೋಳ. ಪಾಸ್‌ಪೋರ್ಟಿನಲ್ಲಿ ರಜನಿ ಪಂಢರಿನಾಥ ಕಟ್ಟಿ. ಇವೆರಡರ ನಡುವೆ ಮದುವೆಯ ದಾಖಲೆ. ಅದರಲ್ಲಿ ರಜನಿಯೇ ಇಲ್ಲ, ಇದ್ದವಳು ರುಕ್ಮಿಣಿ! ಮದುವೆಯ ದಿನ ಪಂಢರಿನಾಥನ ತಾಯಿ, ‘ಮಗ ಪಂಢರಿನಾಥ ಇದ್ದಮ್ಯಾಲ ಸೊಸಿ ದೇವರ ಜೋಡಿಯಂಗ ರುಕ್ಮಿಣಿನ ಆಗಬೇಕು’ ಎಂದು ಹಟ ಹಿಡಿದು, ಅಕ್ಕಿಯಲ್ಲಿ ಉಂಗುರದಿಂದ ಆ ಹೆಸರು ಬರೆಸಿ, ದಾಖಲೆಗೂ ಅದನ್ನೇ ಕೊಟ್ಟಿದ್ದರು. ಆಮೇಲೆ ಆ ಹೆಸರಿನಿಂದ ಅವಳನ್ನು ಅತ್ತೆಯೂ ಕರೆಯಲಿಲ್ಲ. ಅಕ್ಕಿಯನ್ನು ಅನ್ನ ಮಾಡಿ ಉಂಡರು, ಹೆಸರು ಮಾತ್ರ ದಾಖಲೆಯಲ್ಲಿ ಕೂತುಬಿಟ್ಟಿತು.

“ಮೂರು ಹೆಸರು, ಒಬ್ಬಳೇ ಹೆಂಗಸು!” ಎಂದ ಪಂಢರಿನಾಥ, ಹುಲಿಯ ಹೆಜ್ಜೆ ಕಂಡ ಬೇಟೆಗಾರನ ಹುರುಪಿನಲ್ಲಿ. “ಇದಕ್ಕ ಒಂದು ಅಫಿಡವಿಟ್ ಬೇಕು. ಮೂರೂ ಒಬ್ಬಳೇ ಅಂತ ಪ್ರಮಾಣ ಮಾಡಿ ಬಿಸಾಕಿಬಿಡೂದು.”

ಹುಬ್ಬಳ್ಳಿ ಕೋರ್ಟಿನ ಹತ್ತಿರ ನೋಟರಿ ವಕೀಲ ಅಬ್ದುಲಮಜೀದರ ಕೋಣೆಯಲ್ಲಿ ಟೈಪಿಂಗ್ ಮಾಡುವವನು ಯಂಕಣ್ಣ. ಪಂಢರಿನಾಥ ಅವನ ಪಕ್ಕ ಕುರ್ಚಿ ಎಳೆದುಕೊಂಡು ಕೂತು, ಕಣ್ಣು ಮುಚ್ಚಿ, ಇಂಗ್ಲಿಷಿನಲ್ಲಿ ಡ್ರಾಫ್ಟು ಹೇಳತೊಡಗಿದ. ಒಂದೇ ವಾಕ್ಯ. ಅದು ಕಿತ್ತೂರು ಚೆನ್ನಮ್ಮ ಸರ್ಕಲ್ಲಿನ ಸಂಜೆಯ ಟ್ರಾಫಿಕ್ಕಿನಂತೆ ಎಲ್ಲ ಕಡೆಯಿಂದಲೂ ಬರುತ್ತಿತ್ತು, ಎಲ್ಲಿಯೂ ಹೋಗುತ್ತಿರಲಿಲ್ಲ. ಯಂಕಣ್ಣ ಕೇಳಿದ್ದನ್ನು ಕೇಳಿದ ಹಾಗೇ ಬಡಿಯುತ್ತಿದ್ದ.

“...ರಜನಿ ಬಿಂದುಮಾಧವ ಹುಯಿಲಗೋಳ, ರುಕ್ಮಿಣಿ ಪಂಢರಿನಾಥ ಕಟ್ಟಿ, ರಜನಿ ಪಂಢರಿನಾಥ ಕಟ್ಟಿ...” ಎನ್ನುವಷ್ಟರಲ್ಲಿ ಮೊಬೈಲು ಬಾರಿಸಿತು. ರಜನಿಯದು. ಎಲ್ಲ ಸರಿಯಾಗಿ ನಡೆದಿದೆಯೇ ಎಂದು ಕೇಳುತ್ತಿದ್ದಳು.

“ಅಲ್ಲಾ, ನಿನಗ್ಯಾಕ ಚಿಂತಿ?” ಎಂದು ಅವನು ಇಡೀ ಕೋಣೆಗೆ ಕೇಳುವಂತೆ ಘೋಷಿಸಿದ. “ಇಲ್ಲೆ ಯಾರು ಕೂತಾರ? ಪಂಢರಿನಾಥ ಕಟ್ಟಿ!” ಫೋನ್ ಇಟ್ಟು, “ಹಾಂ, ಎಲ್ಲಿಗೆ ಬಂದಿದ್ವಿ?” ಎಂದು ಯಂಕಣ್ಣನನ್ನು ಕೇಳಿದ.

“ಪಂಢರಿನಾಥ ಕಟ್ಟಿಗೆ ಬಂದಿದ್ವಿರಿ ಸಾಹೇಬ್ರ.”

“ಬರೋಬ್ಬರಿ. ಇವರೆಲ್ಲರೂ ಒಬ್ಬರೇ ವ್ಯಕ್ತಿ ಅಂತ ಪ್ರಮಾಣ ಮಾಡಿ ಹೇಳುತ್ತೇನೆ ಅಂತ ಹಾಕು.”

ಯಂಕಣ್ಣ ಹಾಕಿದ. ಸಾಲೆ ಬಿಟ್ಟ ಮೇಲೆ ರಜನಿ ಓಡುತ್ತಾ ಬಂದು, ಗಂಡ ಬೆರಳಿಟ್ಟು ತೋರಿಸಿದಲ್ಲಿ ಸಹಿ ಮಾಡಿದಳು. “ಒಮ್ಮೆ ಓದ್ಲೇನ್ರಿ?” ಎಂದದ್ದಕ್ಕೆ, “ನಾ ಓದೀನಲ್ಲ” ಎಂಬ ಉತ್ತರ ಬಂತು. ಓದಿದ್ದನೆಂಬುದು ಖರೆ. ಅಲ್ಪವಿರಾಮಗಳನ್ನು ಒಂದೊಂದಾಗಿ ನೋಡಿದ್ದ. ವಕೀಲರಂತೂ, “ಕಟ್ಟಿ ಸಾಹೇಬರು ಬರೆಸಿದ್ದನ್ನ ನಾ ಏನ್ ಓದೂದೈತ್ರಿ!” ಎಂದು ಮುದ್ರೆ ಒತ್ತಿಬಿಟ್ಟರು.

ಅರ್ಜಿಗಾಗಿ ಪಂಢರಿನಾಥ ರಜನಿಯ ಹೆಸರಿನಲ್ಲಿ ಹೊಸ ಇಮೇಲ್ ತೆರೆದಿದ್ದ. ಅದರ ಪಾಸ್‌ವರ್ಡ್ ಅವನೊಬ್ಬನಿಗೇ ಗೊತ್ತು. ರಜನಿ ತನ್ನ ಕೆಲಸದ ಬಗ್ಗೆ ಎರಡು ಪುಟ ಬರೆದುಕೊಟ್ಟಿದ್ದಳು. ತನ್ನ ತರಗತಿಯ ಒಬ್ಬ ಹುಡುಗಿ ಮೊಟ್ಟಮೊದಲು ಗಂಟಲಿಗೆ ಕೈ ಹಚ್ಚಿ ತನ್ನದೇ ದನಿಯ ನಡುಕವನ್ನು ಬೆರಳಿನಲ್ಲಿ ಕೇಳಿಸಿಕೊಂಡ ದಿನದ ಕಥೆ. ಸೊಗಸಾಗಿತ್ತು. ಆದರೆ ಪಂಢರಿನಾಥನಿಗೆ ಅದು ತೀರ ಬೋಳು ಅನ್ನಿಸಿತು. ಇಷ್ಟು ಸರಳವಾಗಿ ಬರೆದರೆ ಯಾರು ಬೆಲೆ ಕೊಡುತ್ತಾರೆ? ಅದಕ್ಕೆ ಪುಟದ ನೆತ್ತಿಯ ಮೇಲೆ, ಸರಕಾರಿ ಪತ್ರಗಳಲ್ಲಿರುವಂತೆ, ‘ಥ್ರೂ ಪ್ರಾಪರ್ ಚಾನೆಲ್’, ಅಂದರೆ ಮೇಲಧಿಕಾರಿಗಳ ಮೂಲಕ, ಎಂದು ದಪ್ಪಕ್ಷರದಲ್ಲಿ ಸೇರಿಸಿ, ಅಡಿಗೆರೆ ಎಳೆದು, ಎಲ್ಲವನ್ನೂ ಅಪ್‌ಲೋಡ್ ಮಾಡಿಬಿಟ್ಟ.

ಉತ್ತರ ಬಂದದ್ದು ಅವನು ಧಾರವಾಡದಿಂದ ಬಸ್ಸಿನಲ್ಲಿ ಮರಳುವಾಗ. ಪ್ರವೇಶ ವಿಭಾಗದ ಒಬ್ಬ ಮೇಡಮ್ಮು ಬಹಳ ಸಭ್ಯವಾಗಿ ಬರೆದಿದ್ದರು. ‘ನಿಮ್ಮ ಪ್ರಮಾಣಪತ್ರದ ಪ್ರಕಾರ ರಜನಿ, ರುಕ್ಮಿಣಿ ಮತ್ತು ಪಂಢರಿನಾಥ ಮೂವರೂ ಒಬ್ಬರೇ ವ್ಯಕ್ತಿ. ಆದರೆ ಅರ್ಜಿಯಲ್ಲಿ ಪಂಢರಿನಾಥ ಎಂಬವರನ್ನು ಗಂಡ ಎಂದು ತೋರಿಸಲಾಗಿದೆ. ಅಂದರೆ ಅರ್ಜಿದಾರರು ತಮ್ಮನ್ನು ತಾವೇ ಮದುವೆಯಾಗಿದ್ದಾರೆಯೇ? ದಯವಿಟ್ಟು ಸ್ಪಷ್ಟಪಡಿಸಿ. ಹಾಗೆಯೇ, ಪ್ರಾಪರ್ ಚಾನೆಲ್ ಎಂದರೆ ಯಾವುದು?’

ನವನಗರ ಬಂತು, ಹೋಯಿತು. ಪಂಢರಿನಾಥನಿಗೆ ಬಸ್ಸಿನ ಸದ್ದೇ ಕೇಳಿಸುತ್ತಿರಲಿಲ್ಲ. ಅಫಿಡವಿಟ್ಟಿನ ಪ್ರತಿಯನ್ನು ಮೊಬೈಲಿನಲ್ಲಿ ತೆಗೆದು ನೋಡಿದ. ಇತ್ತು! ಮೂರು ಹೆಸರುಗಳ ಹಿಂದೆ ನಾಲ್ಕನೆಯದಾಗಿ, ಮದುವೆಯ ಊಟಕ್ಕೆ ಕರೆಯದೆ ಬಂದವನ ಹಾಗೆ, ಅವನೇ ಕೂತಿದ್ದ. ಸ್ಟಾಂಪು, ಸಹಿ, ಮುದ್ರೆ ಸಹಿತ ಅವನು ತನ್ನ ಹೆಂಡತಿಯೇ ಆಗಿಹೋಗಿದ್ದ!

ಮನೆಗೆ ಬಂದಾಗ ರಜನಿ ಚಹಾ ಕೊಡುತ್ತ, “ಏನರೆ ಬಂತೇನ್ರಿ?” ಎಂದಳು.

“ಫೈಲ್ ಮೂವ್ ಆಗ್ಲಿಕತ್ತದ,” ಎಂದ.

ಆಗಲೇ ಹೇಳಿಬಿಟ್ಟಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಹೇಳಲಿಲ್ಲ. ಡ್ರಾಫ್ಟಿನಿಂದ ಕೆಟ್ಟದ್ದನ್ನು ಡ್ರಾಫ್ಟಿನಿಂದಲೇ ರಿಪೇರಿ ಮಾಡುತ್ತೇನೆಂದು ಹೊರಟ. ಬೆಳಿಗ್ಗೆ ಕಚೇರಿಯಲ್ಲಿ ಕೂತು, ತನ್ನ ಸಮಸ್ತ ಅನುಭವವನ್ನೂ ಧಾರೆಯೆರೆದು, ರಜನಿಯ ಇಮೇಲಿನಿಂದ ಒಂದು ಉತ್ತರ ಕಳಿಸಿದ. ಇಂಗ್ಲಿಷಿನಲ್ಲಿದ್ದ ಆ ಮಹಾಕೃತಿಯ ಸಾರಾಂಶ ಇಷ್ಟು: ‘ಮಾನ್ಯರೇ, ನಾನು ನನ್ನ ಗಂಡನಲ್ಲ. ನನ್ನ ಗಂಡನೂ ನಾನಲ್ಲ. ಸದರಿ ಗಂಡನು ಸದರಿ ಹೆಂಡತಿಯ ಪರವಾಗಿ ಈ ಪತ್ರ ಬರೆಯುತ್ತಿದ್ದು, ಇದನ್ನು ಸದರಿ ಹೆಂಡತಿಯೇ ಬರೆದಂತೆ ಭಾವಿಸಿ ಮುಂದಿನ ಕ್ರಮ ಕೈಕೊಳ್ಳಬೇಕಾಗಿ ವಿನಂತಿ. ಪ್ರಾಪರ್ ಚಾನೆಲ್ ಎಂದರೆ ನಾನೇ.’ ಕೆಳಗೆ ಸಹಿ, ರಜನಿ ಪಂಢರಿನಾಥ ಕಟ್ಟಿ.

ಕಳಿಸಿದ ಮೇಲೆ ಮನಸ್ಸು ಹಗುರಾಗಿ, ಕ್ಯಾಂಟೀನಿಗೆ ಹೋಗಿ ಮಿರ್ಚಿ ಭಜಿ ತಿಂದ.

ಈ ಸಲ ಬಂದ ಉತ್ತರದಲ್ಲಿ ಸಭ್ಯತೆ ಇತ್ತು, ನಗೆ ಇರಲಿಲ್ಲ. ‘ಅರ್ಜಿದಾರರ ಹೆಸರಿನಲ್ಲಿ ಬೇರೊಬ್ಬರು ಪತ್ರ ಬರೆಯುತ್ತಿರುವುದು ನಿಮ್ಮ ಉತ್ತರದಿಂದಲೇ ತಿಳಿಯಿತು. ಆದ್ದರಿಂದ ಅರ್ಜಿಯ ಜೊತೆಗಿರುವ ಲೇಖನವನ್ನು ಅರ್ಜಿದಾರರೇ ಬರೆದಿದ್ದಾರೆಯೇ ಎಂಬ ಅನುಮಾನ ಉಂಟಾಗಿದೆ. ಅರ್ಜಿಯನ್ನು ತಡೆಹಿಡಿಯಲಾಗಿದೆ. ಅರ್ಜಿದಾರರು ಪಾಸ್‌ಪೋರ್ಟಿನೊಂದಿಗೆ ಒಬ್ಬರೇ ಕೂತು ಮುಂದಿನ ವಾರ ವಿಡಿಯೋ ಸಂದರ್ಶನ ಕೊಡಬೇಕು.’

‘ತಡೆಹಿಡಿಯಲಾಗಿದೆ.’ ಎಷ್ಟೋ ಜನರ ಅರ್ಜಿಗಳ ಮೇಲೆ ಪಂಢರಿನಾಥ ತಾನೇ ಬರೆದಿದ್ದ ಮಾತು ಅದು. ಅದನ್ನು ಓದಬೇಕಾದವನ ಜಾಗದಲ್ಲಿ ಮಾತ್ರ ಅವನು ಎಂದೂ ಕೂತಿರಲಿಲ್ಲ. ರಜನಿ ಬರೆದ ಎರಡು ಪುಟದ ಒಂದೊಂದು ಅಕ್ಷರವೂ ಅವಳದೇ. ಇಡೀ ಅರ್ಜಿಯಲ್ಲಿ ಖರೆಯಾಗಿದ್ದದ್ದು ಅದೊಂದೇ. ಈಗ ಅದರ ಮೇಲೆಯೇ ಅನುಮಾನ!

ಹೇಳದೆ ಗತ್ಯಂತರವಿರಲಿಲ್ಲ. ರಜನಿ ಅಡಿಗೆಮನೆಯಲ್ಲಿ ಚಪಾತಿ ಲಟ್ಟಿಸುತ್ತಿದ್ದಳು. ಮಾನಸಿ ಅಲ್ಲೇ ಕಟ್ಟೆಗೆ ಒರಗಿ ಸೌತೆಕಾಯಿ ತಿನ್ನುತ್ತಿದ್ದಳು. ಪಂಢರಿನಾಥ ಬಾಗಿಲಲ್ಲಿ ನಿಂತು, ನೆಲ ನೋಡುತ್ತ, ಮೊದಲಿನಿಂದ ಕೊನೆಯ ತನಕ ಹೇಳಿದ. ಮಾನಸಿ ಅವನ ಕೈಯಿಂದ ಮೊಬೈಲು ಕಸಿದು ಅಫಿಡವಿಟ್ಟನ್ನು ಗಟ್ಟಿಯಾಗಿ ಓದಿದಳು.

“ಇವರೆಲ್ಲರೂ ಒಬ್ಬರೇ ವ್ಯಕ್ತಿ... ಅಯ್ಯೋ ಅಪ್ಪಾ! ಹಂಗಾರ ನಾ ಯಾರ ಮಗಳು? ಮತ್ತ ಇದೇನು, ಪ್ರಾಪರ್ ಚಾನೆಲ್? ಇಂಗ್ಲಿಷ್ ಚಾನೆಲ್ ಈಸಿಕೊಂಡು ಹೋಗಬೇಕೇನು ಅಮ್ಮ?” ಎಂದು ನಕ್ಕು ನಕ್ಕು ಫ್ರಿಜ್ಜಿಗೆ ಆತುಕೊಂಡಳು.

ರಜನಿ ನಗಲಿಲ್ಲ. ಬೈಯಲೂ ಇಲ್ಲ. ಒಲೆ ಆರಿಸಿದಳು. ಕೈಗೆ ಹತ್ತಿದ ಹಿಟ್ಟನ್ನು ಉಜ್ಜಿ ಉಜ್ಜಿ ತೆಗೆದಳು. ಆಮೇಲೆ ಗಂಡನ ಮುಖ ನೋಡಿ ಕೇಳಿದಳು:

“ನಾ ಹೋಗಬಾರದಂತ ಬೇಕಂತನ ಮಾಡಿದ್ರೇನು?”

ಮಾನಸಿಯ ನಗೆ ಅರ್ಧಕ್ಕೇ ನಿಂತಿತು. ಪಂಢರಿನಾಥನಿಗೆ ತಲೆಯ ಮೇಲೆ ತವೆಯಿಂದ ಬಡಿದಿದ್ದರೂ ಅಷ್ಟು ನೋವಾಗುತ್ತಿರಲಿಲ್ಲ. ‘ಛೇ ಛೇ’ ಎನ್ನಲು ಬಾಯಿ ತೆರೆದ. ಬರಲಿಲ್ಲ. ಏಕೆಂದರೆ ಬಸ್ಸಿನಲ್ಲಿ ಕೂತಾಗ ಒಂದೆರಡು ಸಲ ಅವನಿಗೆ ಸಂಜೆಯ ಮನೆ ಕಣ್ಣಿಗೆ ಕಟ್ಟಿತ್ತು. ಬಾಗಿಲು ತೆಗೆದರೆ ಒಳಗೆ ರಜನಿ ಇಲ್ಲ, ‘ಬಂದ್ರೇನು?’ ಎಂಬ ದನಿ ಇಲ್ಲ. ಹಾಗೆ ಅನ್ನಿಸಿದಾಗೆಲ್ಲ ಬೇಗ ಕಿಟಕಿಯ ಹೊರಗೆ ನೋಡಿಬಿಡುತ್ತಿದ್ದ.

“ರಜನಿ,” ಎಂದ ಕೊನೆಗೆ. “ಹೋಗಬ್ಯಾಡ ಅಂತ ಒಂದ್ ಸಲಾನೂ ಅನ್ನಿಸಿಲ್ಲ ಅಂದ್ರ ಸುಳ್ಳಾಗ್ತದ. ಅನ್ನಿಸೇದ. ಆದ್ರ ಇದು ಬೇಕಂತ ಮಾಡಿದ್ದಲ್ಲ. ಬೇಕಂತ ಮಾಡಿದ್ರ ಇಷ್ಟು ಛಂದ ಕೆಡಸ್ಲಿಕ್ಕೆ ನನ್ನ ಕೈಲೆ ಆಗ್ತಿದ್ದಿಲ್ಲ.”

ರಜನಿ ಅವನನ್ನು ಇನ್ನಷ್ಟು ಹೊತ್ತು ನೋಡಿದಳು. ಅವಳ ತುಟಿಯ ಕೊನೆ ಒಂದಿಷ್ಟು ಅಲುಗಿದಂತೆ ಪಂಢರಿನಾಥನಿಗೆ ಕಂಡಿತು; ಅಥವಾ ಕಾಣಲೆಂದು ಅವನು ಬಯಸಿದ.

“ಪಾಸ್‌ವರ್ಡ್ ಕೊಡ್ರಿ,” ಎಂದಳು ಅಷ್ಟೇ.

ಕೊಟ್ಟ. ಅದು ಅವಳ ಹೆಸರೇ ಆಗಿತ್ತು, ಹಿಂದೆ ಅವಳು ಹುಟ್ಟಿದ ವರ್ಷ. ಅವಳು ಅವನೆದುರಿಗೇ ಅದನ್ನು ಬದಲಿಸಿದಳು.

ಸಂದರ್ಶನ ಇಟ್ಟದ್ದು ಅಲ್ಲಿಯ ಮುಂಜಾನೆ, ಇಲ್ಲಿಯ ಮಧ್ಯಾಹ್ನ. ರಸ್ತೆಯ ಕಡೆಯ ಕೋಣೆಯಲ್ಲಿ ನೆಟ್‌ವರ್ಕ್ ಚಲೋ ಬರುತ್ತಿದ್ದುದರಿಂದ ರಜನಿ ಅಲ್ಲಿ ಲ್ಯಾಪ್‌ಟಾಪಿನ ಮುಂದೆ ಕೂತು ಬಾಗಿಲು ಹಾಕಿಕೊಂಡಳು. ಮಾನಸಿ ವೈಫೈ ಡಬ್ಬಿಯ ಕಾವಲಿಗೆ. ಪಂಢರಿನಾಥನಿಗೆ ಒಳಗೆ ಪ್ರವೇಶವಿಲ್ಲ. ಮನೆಯ ಮುಂದಿನ ಕಟ್ಟಿಯ ಮೇಲೆ ಕಟ್ಟಿಯವರನ್ನು ಕೂಡಿಸಲಾಯಿತು!

“ನೀ ಏನೂ ಮಾಡಬ್ಯಾಡಪ್ಪ,” ಎಂದು ಮಾನಸಿ ಕೈ ಮುಗಿದಳು. “ಏನೂ ಮಾಡದ ಇರೂದ ನಿನ್ನ ಕೆಲಸ.”

ಆದರೆ ಪಶ್ಚಾತ್ತಾಪ ಎಂಬುದು ಮನುಷ್ಯನನ್ನು ಸುಮ್ಮನೆ ಕೂಡಗೊಡುತ್ತದೆಯೇ? ಕನಿಷ್ಠ ಪಕ್ಷ ಗದ್ದಲವಾಗದಂತೆ ನೋಡಿಕೊಳ್ಳೋಣ ಎಂದು ಪಂಢರಿನಾಥ ತಾನೇ ತನಗೊಂದು ಹುದ್ದೆ ಸೃಷ್ಟಿಸಿಕೊಂಡ. ಬೊಗಳಲು ಬಾಯಿ ತೆರೆದ ನಾಯಿಗೆ ಬಿಸ್ಕೀಟು ಹಾಕಿದ. ಕರೆಗಂಟೆಯ ಮೇಲೆ ಟೇಪು ಅಂಟಿಸಿದ. ಕೊರಿಯರಿನವನನ್ನು ದೂರದಿಂದಲೇ ತಡೆದು, ತುಟಿಯ ಮೇಲೆ ಬೆರಳಿಟ್ಟು, ಪಾರ್ಸೆಲ್ಲನ್ನು ಕಳ್ಳಮಾಲಿನಂತೆ ಇಸಿದುಕೊಂಡ. ಎಲ್ಲ ಸುಸೂತ್ರ ನಡೆದಿತ್ತು.

ಅಷ್ಟರಲ್ಲಿ ರಸ್ತೆಯ ತಿರುವಿನಲ್ಲಿ ಉಳ್ಳಾಗಡ್ಡಿ ಮಾರುವ ಮೂರು ಗಾಲಿಯ ಟಂಟಂ ಕಾಣಿಸಿತು. ಅದರ ತಲೆಯ ಮೇಲಿನ ಸ್ಪೀಕರು, “ಉಳ್ಳಾಗಡ್ಡೀ... ಬಳ್ಳೊಳ್ಳೀ... ಬರ್ರೀ ಅಕ್ಕಾರ, ಬರ್ರೀ ಅವ್ವಾರ!” ಎಂದು ರೆಕಾರ್ಡು ಮಾಡಿದ್ದನ್ನು ಒದರುತ್ತಿತ್ತು. ಮಾರುವವಳು ಯಂಕವ್ವ, ಓಣಿಗೆಲ್ಲ ಪರಿಚಯದವಳು. ಪಂಢರಿನಾಥ ಚಪ್ಪಲಿಯನ್ನೂ ಮೆಟ್ಟದೆ ಓಡಿದ. ಟಂಟಂ ಆಗಲೇ ರಜನಿ ಕೂತಿದ್ದ ಕೋಣೆಯ ಕಿಟಕಿಯ ಕೆಳಗೆ ಬಂದಿತ್ತು.

“ಬಂದ್ ಮಾಡು! ಯಂಕವ್ವಾ, ಬಂದ್ ಮಾಡು ಅದನ್ನ! ಒಳಗ ಸ್ಕಾಟ್ಲೆಂಡಿನವ್ರು ಬಂದಾರ! ನನ್ನ ಹೇಣ್ತಿ ಜೀವನದ ಪ್ರಶ್ನೆ ಅದ! ಬಂದ್ ಮಾಡ್ತೀಯೋ ಇಲ್ಲೋ!”

ಯಂಕವ್ವ ಕಣ್ಣರಳಿಸಿ ಅವನನ್ನು ನೋಡಿದಳು.

“ಯಜಮಾನ್ರ, ನೀವು ಓಡಿ ಬರೂದ್ ನೋಡಿ ಆಗ್ಲೇ ಬಂದ್ ಮಾಡೇನ್ರಿ. ಈಗ ಒದರಾಕತ್ತವ್ರು ನೀವ.”

ಹೌದು. ಇಡೀ ದೇಶಪಾಂಡೆ ನಗರ ಮಧ್ಯಾಹ್ನದ ನಿದ್ದೆಯಲ್ಲಿ ನಿಶ್ಶಬ್ದವಾಗಿತ್ತು. ‘ಇಲ್ಲೋ’ ಎಂಬ ಅವನದೇ ದನಿ ಎದುರಿನ ಅಪಾರ್ಟ್‌ಮೆಂಟಿಗೆ ಬಡಿದು ತಿರುಗಿ ಬರುತ್ತಿತ್ತು. ಕಿಟಕಿಯ ಆಚೆ, ರಜನಿಯ ಇಂಗ್ಲಿಷು ಗಕ್ಕನೆ ನಿಂತುಹೋಗಿತ್ತು.

ಪಂಢರಿನಾಥ ಅಲ್ಲೇ, ಟಂಟಮ್ಮಿನ ಪಕ್ಕ, ಡಾಂಬರಿನ ಮೇಲೆ ಬರಿಗಾಲಲ್ಲಿ ನಿಂತ. ಕಾಲು ಸುಡುತ್ತಿತ್ತು. ಸುಡಲಿ ಎಂದುಕೊಂಡ. ಮದುವೆಯಾದಾಗಿನಿಂದ ರಜನಿ ತನಗಾಗಿ ಕೇಳಿದ್ದು ಇದೊಂದನ್ನೇ. ಅದನ್ನೂ ಮೊದಲು ಬರೆದು ಕೆಡಿಸಿದ್ದಾಯಿತು, ಈಗ ಒದರಿ ಕೆಡಿಸಿದ್ದಾಯಿತು. ಇನ್ನು ಕೆಡಿಸಲು ಉಳಿದದ್ದೇನೂ ಇಲ್ಲ. ಅವನ ಮುಖ ನೋಡಿ ಯಂಕವ್ವನಿಗೆ ಏನನ್ನಿಸಿತೋ, “ನೆಳ್ಳಿಗೆ ಬರ್ರಿ ಯಜಮಾನ್ರ” ಎಂದು ತನ್ನ ಕೊಡೆಯ ಕೆಳಗೆ ಜಾಗ ಮಾಡಿಕೊಟ್ಟಳು. ಉಳ್ಳಾಗಡ್ಡಿಯ ಘಾಟಿಗೋ ಏನೋ, ಪಂಢರಿನಾಥನ ಕಣ್ಣಲ್ಲಿ ನೀರು ಬಂತು.

ಸಂದರ್ಶನ ಮುಗಿಸಿ ರಜನಿ ಹೊರಗೆ ಬಂದಾಗ ಅವನು ಮತ್ತೆ ಕಟ್ಟಿಯ ಮೇಲೆ, ಸಾಲೆಯಲ್ಲಿ ಶಿಕ್ಷೆಯಾದ ಹುಡುಗನ ಹಾಗೆ ಕೂತಿದ್ದ. ತಲೆ ಎತ್ತಲಿಲ್ಲ.

“ನಿಮ್ಮ ದನಿ ಕೇಳಿ ಅವರು, ಹೊರಗ ಏನರೆ ಅನಾಹುತ ಆಗೇದೇನು ಅಂತ ಕೇಳಿದ್ರು,” ಎಂದಳು ರಜನಿ.

“ನೀ ಏನಂದಿ?”

“‘ಗಾಬರಿ ಆಗಬ್ಯಾಡ್ರಿ, ಅದೂ ನಾನ. ನಾ ಕೊಟ್ಟ ಅಫಿಡವಿಟ್ಟಿನ್ಯಾಗ ಹಂಗ ಅದ’ ಅಂದೆ.”

ಮಾನಸಿ ಕಿರುಚಿದಳು. “ಅಮ್ಮಾ! ಹಂಗಂದ್ಯಾ? ಅವ್ರು ಏನಂದ್ರು?”

“ಸಂದರ್ಶನಕ್ಕ ಕೂತಿದ್ದ ಮೂರೂ ಜನ ನಗ್ಲಿಕ್ಕೆ ಶುರು ಮಾಡಿದ್ರು. ಒಬ್ಬಾಕಿಗೆ ಕೆಮ್ಮು ಹತ್ತಿ ನೀರು ಕುಡದು ಬಂದ್ಲು. ಆಮ್ಯಾಲ ನನ್ನ ಮೂರು ಹೆಸರಿನ ಕಥಿ ಕೇಳಿದ್ರು. ಅದಾದಮ್ಯಾಲ ಆ ಹುಡಿಗಿ ಬಗ್ಗೆ, ಗಂಟಲಿಗೆ ಕೈ ಹಚ್ಚೂದ್ರ ಬಗ್ಗೆ ಕೇಳಿದ್ರು. ಅಲ್ಲಿಂದ ಮುಂದ ಎಷ್ಟು ಹೊತ್ತು ಮಾತಾಡಿದ್ನೋ ನನಗ ತಿಳೀಲಿಲ್ಲ. ಆದ್ರ ಸೀಟು ಕೊಡ್ತಾರೋ ಇಲ್ಲೋ ಗೊತ್ತಿಲ್ಲ. ನಕ್ಕವರೆಲ್ಲಾ ಸೀಟ್ ಕೊಡಬೇಕಂತೇನಿಲ್ಲ.”

ಆಮೇಲಿನ ದಿನಗಳು ಪಂಢರಿನಾಥನಿಗೆ ನರಕ. ಕೇಳುವ ಹಾಗಿಲ್ಲ, ಪಾಸ್‌ವರ್ಡ್ ಇಲ್ಲ. ಈಗ ಚಹಾ ಅವನೇ ಮಾಡಿ ತಂದುಕೊಟ್ಟು ರಜನಿಯ ಮುಖ ನೋಡುತ್ತಿದ್ದ. ಅವಳು ಸಕ್ಕರೆ ಹೆಚ್ಚಾಯಿತು ಎನ್ನುತ್ತಿದ್ದಳು, ಮತ್ತೇನೂ ಅನ್ನುತ್ತಿರಲಿಲ್ಲ. ಕಚೇರಿಯಲ್ಲಿ ಪೆನ್ನು ಹಿಡಿದರೆ ಅಫಿಡವಿಟ್ಟೇ ಕಣ್ಣ ಮುಂದೆ ಬರುತ್ತಿತ್ತು. ಉದ್ದ ವಾಕ್ಯ ಬರೆಯುವ ಧೈರ್ಯವೇ ಹೋಗಿಬಿಟ್ಟಿತು. ‘ಕೊಡಬಹುದು’, ‘ಕೊಡಲಾಗದು’, ‘ಕಾರಣ ಇಷ್ಟು’ ಎಂದು ಮೊಟಕಾಗಿ ಬರೆದು ಫೈಲು ಮೇಲೆ ಕಳಿಸತೊಡಗಿದ. ಒಂದು ದಿನ ಮೇಲಧಿಕಾರಿಗಳು ಕರೆಸಿದರು. ಬೈಯುತ್ತಾರೆ ಎಂದುಕೊಂಡು ಹೋದ.

“ಕಟ್ಟಿಯವರ, ಇತ್ತೀಚೆಗೆ ಭಾಳ ಛಲೋ ಬರೀಲಿಕತ್ತೀರಿ. ಏನ್ ಬರದೀರಿ ಅಂತ ತಿಳೀಲಿಕತ್ತದ! ಇಷ್ಟು ವರ್ಷ ಯಾಕ ಹಿಂಗ ಬರೀಲಿಲ್ಲ?”

ಅದಕ್ಕಿಂತ ಬೈದಿದ್ದರೇ ಚೆನ್ನಾಗಿತ್ತು.

ಉತ್ತರ ಬಂದದ್ದು ಒಂದು ರವಿವಾರ. ಪಂಢರಿನಾಥ ಹಿತ್ತಲಿನಲ್ಲಿ ಅರಿವೆ ಒಣಹಾಕುತ್ತಿದ್ದ. ಒಳಗಿನಿಂದ ಮಾನಸಿಯ ಕಿರುಚಾಟ ಕೇಳಿ, ಕೈಯಲ್ಲಿದ್ದ ಒದ್ದೆ ಬನಿಯನ್ನಿನ ಸಮೇತ ಓಡಿದ. ರಜನಿ ಲ್ಯಾಪ್‌ಟಾಪಿನ ಮುಂದೆ ಕೂತಿದ್ದಳು. ಎರಡೂ ಕೈ ಬಾಯಿಯ ಮೇಲೆ. ಕಣ್ಣು ತುಂಬಿದ್ದವು.

“ಆತೇನು?” ಎಂದ.

ಅವಳು ತಲೆ ಆಡಿಸಿದಳು. ಆಗಿತ್ತು! ಸೀಟು ಅವಳದೇ! ಪಂಢರಿನಾಥ ಬನಿಯನ್ನನ್ನೇ ಎದೆಗೆ ಒತ್ತಿಕೊಂಡು ಕುರ್ಚಿಯಲ್ಲಿ ಕುಸಿದ. ಮೊದಲ ಕ್ಷಣದಲ್ಲಿ ಅವನಿಗಾದದ್ದು ಆನಂದ. ಎರಡನೆಯ ಕ್ಷಣದಲ್ಲಿ, ಇವಳು ನಿಜವಾಗಿಯೂ ಹೋಗುತ್ತಾಳೆ ಎಂಬುದು ತಿಳಿಯಿತು. ಬನಿಯನ್ನಿನ ನೀರು ಅಂಗಿಯೊಳಗೆ ಇಳಿಯತೊಡಗಿತು. ಅವನು ಅಲುಗಲಿಲ್ಲ.

“ಷರತ್ತು ಅವ,” ಎಂದಳು ರಜನಿ, ಕಣ್ಣೊರೆಸಿಕೊಂಡು, ಪರದೆಯ ಕಡೆ ತಿರುಗಿ. “ಇಂಗ್ಲಿಷ್ ಪರೀಕ್ಷಾದ ಮಾರ್ಕ್ಸ್ ಕಾರ್ಡು ಕಳಿಸಬೇಕು, ಒಂದು. ಪಾಸ್‌ಪೋರ್ಟ್ ಹೆಸರಿನ್ಯಾಗ ಹೊಸಾ ಅಫಿಡವಿಟ್ ಮಾಡಿಸಿ ಕಳಿಸಬೇಕು, ಎರಡು.”

“ನಾ ಮಾಡಿಸ್ತೇ...” ಎಂದು ಶುರು ಮಾಡಿ ಪಂಢರಿನಾಥ ನಾಲಿಗೆ ಕಚ್ಚಿಕೊಂಡ.

“ಮೂರನೇದು, ಅರ್ಜಿದಾರಳ ಗಂಡ ಇನ್ನುಮ್ಯಾಲ ಯೂನಿವರ್ಸಿಟಿಗೆ ಒಂದಕ್ಷರಾನೂ ಬರೀಬಾರದು. ಬರದ್ರ ಸೀಟು ರದ್ದು.”

ಪಂಢರಿನಾಥ ನೆಟ್ಟಗೆ ಕೂತ. ಇಷ್ಟು ಹೊತ್ತು ಸತ್ತಂತಿದ್ದ ಸೂಪರಿಂಟೆಂಡೆಂಟು ಅವನೊಳಗೆ ಎದ್ದುಬಿಟ್ಟಿದ್ದ. “ಎಲ್ಲೂ ಇರೂದಿಲ್ಲ ಅಂಥಾ ಷರತ್ತು! ಮೂರನೇಯವರ ಮ್ಯಾಲ ಷರತ್ತು ಹಾಕ್ಲಿಕ್ಕೆ ಅವರಿಗೆ ಅಧಿಕಾರ ಎಲ್ಲದ? ನೋಡೋಣು ಕೊಡು!”

ರಜನಿ ಲ್ಯಾಪ್‌ಟಾಪನ್ನು ಅವನ ಕಡೆ ತಿರುಗಿಸಿದಳು. ಅವನು ಕನ್ನಡಕ ಏರಿಸಿ, ಮೇಲಿನಿಂದ ಕೆಳಗೆ, ಕೆಳಗಿನಿಂದ ಮೇಲಕ್ಕೆ ಓದಿದ. ಷರತ್ತು ಇದ್ದದ್ದು ಎರಡೇ.

“ಮೂರನೇದು ಎಲ್ಲದ?”

“ಅದು ಅವರದಲ್ಲರೀ,” ಎಂದಳು ರಜನಿ. “ನಂದು.”

ಪಂಢರಿನಾಥ ಕನ್ನಡಕ ತೆಗೆದ. ಒರೆಸಿದ. ಮತ್ತೆ ಹಾಕಿಕೊಂಡ. “ಒಪ್ಪಿಗಿ ಅದ,” ಎಂದು, ಅದನ್ನು ಬರೆದು ಕೊಡಲು ಮೇಜಿನ ಮೇಲಿದ್ದ ಪೆನ್ನಿಗೆ ಕೈ ಚಾಚಿದ.

ಅವನ ಕೈ ಮುಟ್ಟುವ ಮೊದಲೇ ರಜನಿ ಪೆನ್ನು ಎತ್ತಿಕೊಂಡಳು.

“ಬಾಯಿಲೆ ಹೇಳಿದ್ರಲ್ಲ, ಸಾಕು,” ಎಂದಳು.